ಕೌದಿಯ ಮೇಲೆ ರವೆ ಚೆಲ್ಲಿದ ಫೋಟೋ

ಹಾಲೆಂಡಿಗೆ ಹೋದಾಗ ನನಗೆ ಅರವತ್ತೆಂಟು ವರ್ಷ. ಹೋಗಿ ಬಂದು ಮೂರು ವರ್ಷವಾಯಿತು, ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮೂರು ಕಿಣ್ಣಿ ಸುಲ್ತಾನದ ಹೆಣ್ಣುಮಕ್ಕಳು ಈಗಲೂ ಕೇಳುತ್ತಾರೆ, ‘ಕಾಶಿಬಾಯಿ ಆಯಿ, ಹೂವಿನ ಹೊಲ ನೋಡಿದೇನು? ಗಾಳಿಗಿರಣಿ ನೋಡಿದೇನು?’ ಅಂತ. ನೋಡಿದೆ. ಹೂವು ಹೂವಿನಂಗೆ ಇದ್ದವು. ಅದನ್ನು ಬರೆಯಲು ನಾನು ಕೂತಿಲ್ಲ. ಅಲ್ಲಿ ನಮ್ಮವ್ವ ಹಳೇ ಬಟ್ಟೆ ಜೋಡಿಸಿ ಹೊಲಿದ ಕೌದಿಯನ್ನು ಕತ್ತಲೆಯಲ್ಲಿ ನೇತುಹಾಕಿದ್ದರು. ಅದರ ಒಂದು ಮೂಲೆಯ ಫೋಟೋ ನನಗೆ ಬೇಕಿತ್ತು. ಒಂದೇ ಒಂದು. ಅದಕ್ಕೆ ಪಟ್ಟ ಪಾಡು ಬರೆಯುತ್ತೇನೆ.

ಕೌದಿ ಅಲ್ಲಿಗೆ ಹೋದದ್ದು ಹೀಗೆ. ಅವ್ವ ಸತ್ತ ಮೇಲೆ ನಮ್ಮ ಅಣ್ಣನ ಹೆಂಡತಿ ಅದನ್ನು ಹಳೇ ಬಟ್ಟೆಗೆ ಭಾಂಡೆ ಕೊಡುವವಳ ಗಂಟಿಗೆ ಹಾಕಿ ಒಂದು ಸ್ಟೀಲ್ ಡಬರಿ ಇಸಕೊಂಡಳು. ಆ ಡಬರಿ ಈಗಲೂ ಅವರ ಮನೆಯಲ್ಲಿ ಐತಿ, ಅದರಲ್ಲಿ ಕೊಟ್ಟ ನೀರು ನಾನು ಕುಡಿಯುವುದಿಲ್ಲ. ಕೌದಿ ಅಲ್ಲಿಂದ ಯಾರ ಕೈ ದಾಟಿತೋ ಯಾರಿಗೂ ಗೊತ್ತಿಲ್ಲ. ಎಷ್ಟೋ ವರ್ಷದ ಮೇಲೆ ಜೇವರ್ಗಿಯ ಶೈಲಾ ಮೇಡಂ, ಕೌದಿ ಹೊಲಿಯುವ ನಮ್ಮ ಹೆಂಗಸರ ಸಂಘ ನಡೆಸುವವರು, ಒಂದು ದಪ್ಪ ಪುಸ್ತಕ ತಂದು ತೋರಿಸಿದರು. ಹಾಲೆಂಡಿನ ಒಂದು ಮ್ಯೂಸಿಯಮ್ಮಿನ ಪುಸ್ತಕ. ಅದರಲ್ಲೊಂದು ಕೌದಿ. ನಡುವೆ ನಮ್ಮಪ್ಪನ ಕೆಂಪು ರುಮಾಲು, ಅದರ ಬಾಜೂಕ ನಾನು ಸಣ್ಣವಳಿದ್ದಾಗ ಉಟ್ಟ ಹಸಿರು ಪರಕಾರ, ಅಂಚಿಗೆ ಅವ್ವನ ಕರಿ ಸೀರೆ. ನನ್ನ ಪರಕಾರ ನನಗೆ ಗುರುತು ಹತ್ತುವುದಿಲ್ಲವೇನು?

ನಮ್ಮ ಕಡೆ ಕೌದಿ ಮುಗಿಸುವಾಗ ಕಡೇ ಮೂಲೆಯಲ್ಲಿ ಒಂದು ಚೂರು ರೊಟ್ಟಿ, ಒಂದು ಹರಳು ಬೆಲ್ಲ ಇಟ್ಟು, ಮೇಲೆ ಸಣ್ಣ ಬಟ್ಟೆ ಹಚ್ಚಿ ಹೊಲಿದು ಮುಚ್ಚುತ್ತೇವೆ. ಅದಕ್ಕೆ ತುತ್ತು ಅನ್ನುತ್ತೇವೆ. ತುತ್ತು ಹಾಕದ ಕೌದಿ ಹಸಿದ ಕೌದಿ, ಅದನ್ನು ಯಾರೂ ಹೊದೆಯುವುದಿಲ್ಲ. ಅಫಜಲಪುರದಲ್ಲಿ ಮಗನ ಮನೆಯಲ್ಲಿರುವ ನಮ್ಮಕ್ಕ ಚಂದಮ್ಮ ತನಗಾಗಿ ಒಂದು ಕೌದಿ ಹೊಲಿದಿದ್ದಳು. ತುತ್ತು ಒಂದು ಬಾಕಿ ಇತ್ತು. ಅಷ್ಟರಲ್ಲಿ ಹಾಸಿಗೆ ಹಿಡಿದಳು, ಕೈ ನಡುಗಲು ಹತ್ತಿತು. ಕಲಬುರಗಿ ಡಾಕ್ಟರು ಮಗನನ್ನು ಹೊರಗೆ ಕರೆದು ಮಾತಾಡಿದರು, ಆಕೆಯ ಮುಂದೆ ಆಡಲಿಲ್ಲ. ಅದರಲ್ಲೇ ಎಲ್ಲರಿಗೂ ತಿಳಿಯಿತು, ಆಕೆಗೂ ತಿಳಿಯಿತು. ನಾನು ‘ಕೊಡಬೇ, ತುತ್ತು ನಾ ಹಾಕ್ತೇನಿ’ ಅಂದರೆ ಕೌದಿಯನ್ನು ದಿಂಬಿನ ಕೆಳಗೆ ಒತ್ತಿಕೊಂಡಳು.

‘ನಿನಗೇನ್ ಗೊತ್ತದ? ತುತ್ತಿನ ಮ್ಯಾಲ ಅವ್ವ ಹೊಲಿಗಿ ಎಡಕ್ಕ ವಾಲಿಸಿ ಹಾಕ್ತಿದ್ಳು. ನೀ ನೆಟ್ಟಗ ಹಾಕ್ತಿ.’

‘ಅವ್ವನೂ ನೆಟ್ಟಗೇ ಹಾಕ್ತಿದ್ಳು. ನಾ ಆಕಿ ತೊಡಿ ಮ್ಯಾಲ ಕುಂತು ಕಲ್ತಾಕಿ.’

‘ನಾ ನಿನಗಿಂತ ಮೊದ್ಲ ಹುಟ್ಟೇನಿ ಬೇ. ಎಡಕ್ಕ ಅಂದ್ರ ಎಡಕ್ಕ. ಅವ್ವನಂಗ ಮುಚ್ಚಲಿಲ್ಲಂದ್ರ ನಂಗ ಈ ಕೌದಿ ಬ್ಯಾಡ. ಗೋಣಿತಟ್ಟ ಹೊತ್ಕೊಂಡು ಸಾಯ್ತೇನಿ.’

ಪುಸ್ತಕದ ಚಿತ್ರದಲ್ಲಿ ಆ ಮೂಲೆಯನ್ನೇ ಮಡಚಿ ಇಟ್ಟಿದ್ದರು. ಹೊಲಿಯುವವಳನ್ನು ಒಬ್ಬಳನ್ನು ಕರಕೊಂಡು ಬನ್ನಿ, ಜನರ ಮುಂದೆ ಕೂತು ಹೊಲಿದು ತೋರಿಸಲಿ ಎಂದು ಆ ಮ್ಯೂಸಿಯಮ್ಮಿನವರು ಮೇಡಂ ಅವರನ್ನು ಕರೆದಾಗ, ನಾನೇ ಹೋಗುವುದು ಎಂದು ಹಟ ಹಿಡಿದೆ. ಅಕ್ಕ ಹೇಳಿ ಕಳಿಸಿದ್ದು ಇಷ್ಟೇ: ‘ಬಾಯಿ ಮಾತು ತರಬ್ಯಾಡ. ನಿನ್ನ ಮಾತು ನಾ ನಂಬಂಗಿಲ್ಲ. ಫೋಟೋ ತಾ. ಹೊಲಿಗಿ ಕಾಣ್ಬೇಕು.’

ಹೈದರಾಬಾದ್

ಫೋಟೋ ತೆಗೆಯಲು ಆಳಂದದ ಇಮ್ತಿಯಾಜ್ ನಮ್ಮ ಸಂಗಡ ಬಂದ. ಮದುವೆ ಫೋಟೋ ತೆಗೆಯುವವನು, ಎರಡು ಮಕ್ಕಳ ತಂದೆ, ಕೈಗಿಂತ ಬಾಯಿ ಜೋರು. ವಿಮಾನ ಹತ್ತುವ ಜಾಗದಲ್ಲಿ ನನ್ನ ಕತ್ತರಿ ಕಸಕೊಂಡರು. ಖಜೂರಿ ಊರಲ್ಲಿ ಸಾಣೆ ಹಿಡಿಸಿದ ಕತ್ತರಿ ಅದು, ಗಾಳಿಯಲ್ಲಿ ಹಿಡಿದರೂ ದಾರ ಕತ್ತರಿಸುವಂಥದ್ದು. ‘ಇದರ್ಲೆ ನಾ ಯಾರ್ನ ಕಡೀಲೆವ್ವಾ?’ ಎಂದು ಅಲ್ಲಿನ ಹುಡುಗಿಯನ್ನು ಕೇಳಿದೆ. ಆಕೆ ನಕ್ಕಳು, ಕತ್ತರಿ ಕೊಡಲಿಲ್ಲ. ನನ್ನ ಕಡಕ್ ರೊಟ್ಟಿಯ ಗಂಟನ್ನು ಯಂತ್ರದೊಳಗೆ ಓಡಿಸಿ, ಹೊರಗೆ ತೆಗೆದು ಬೆರಳಿನಿಂದ ಬಡಿದು ನೋಡಿದರು. ಅದು ಟಣ್ ಅಂದಿತು. ಜೋಳದ ರೊಟ್ಟಿ ಒಣಗಿದರೆ ಟಣ್ ಅನ್ನದೆ ಇನ್ನೇನು ಅಂದೀತು?

‘ಸುಮ್ನಿರು ಆಯಿ, ಇಲ್ಲೇ ಜಗಳ ಶುರು ಮಾಡಬ್ಯಾಡ’ ಎಂದ ಇಮ್ತಿಯಾಜ್.

‘ಕತ್ತರಿ ಹೋದದ್ದು ನಿಂದಲ್ಲ, ನಂದು’ ಎಂದೆ.

ಬಂದ ಊರು

ನೆಲ ನಮ್ಮ ಭೀಮಾ ದಂಡೆಯ ಕರಿ ಹೊಲದಂಗೆ ಸಪಾಟು. ಆದರೆ ಎಲ್ಲಿ ನೋಡಿದರೂ ನೀರು, ಮುಗಿಲು ಸದಾ ಮೋಡ. ಬೆಳಗ್ಗೆ ಎದ್ದರೆ ಸಂಜೆಯಂಗೆ, ಸಂಜೆ ಎಂದರೆ ಬೆಳಗ್ಗೆಯಂಗೆ. ಇಂಥ ಕಡೆ ಬಟ್ಟೆ ಹೇಗೆ ಒಣಗುತ್ತವೆ ಎಂದು ಕೇಳಿದರೆ ಯಂತ್ರದಲ್ಲಿ ಅಂದರು. ನನ್ನ ವಯಸ್ಸಿನ ಮುದುಕಿಯರು ಸೈಕಲ್ ಹೊಡೆಯುತ್ತಾರೆ, ಮಳೆಯಲ್ಲೂ ಹೊಡೆಯುತ್ತಾರೆ, ಮೋರೆ ಮೇಲೆ ಒಂದು ಹನಿ ಬಿದ್ದರೂ ಒರೆಸಿಕೊಳ್ಳುವುದಿಲ್ಲ. ನಾಯಿಗಳು ಬಸ್ಸಿನಲ್ಲಿ ಸೀಟಿನ ಕೆಳಗೆ ಮಲಗುತ್ತವೆ, ಅವುಗಳಿಗೂ ಶಿಸ್ತು. ಬಸ್ಸಿನಲ್ಲಿ ಯಾರೂ ಯಾರನ್ನೂ ‘ಯಾವೂರು, ಎಲ್ಲಿಗೆ’ ಎಂದು ಕೇಳುವುದಿಲ್ಲ. ನಾನು ಬಾಜೂಕ ಕೂತವಳನ್ನು ನೋಡಿ ನಕ್ಕೆ. ಆಕೆ ತನ್ನ ಚೀಲವನ್ನು ತೊಡೆಯ ಮೇಲೆ ಎಳಕೊಂಡಳು.

ಮಧ್ಯಾಹ್ನದ ಊಟಕ್ಕೆ ತಣ್ಣನೆಯ ಬ್ರೆಡ್ಡು, ತಣ್ಣನೆಯ ಚೀಸು. ಒಲೆ ಹಚ್ಚದೆ ಊಟ ಮುಗಿಸುವುದನ್ನು ನಾನು ಸಾವಾದ ಮನೆಯಲ್ಲಿ ಮಾತ್ರ ನೋಡಿದ್ದೆ. ನನ್ನ ರೊಟ್ಟಿ, ಶೇಂಗಾ ಹಿಂಡಿ ತೆಗೆದು ತಿಂದೆ. ಸದ್ದಿಗೆ ಸುತ್ತಲಿನವರು ತಿರುಗಿ ನೋಡಿದರು. ನೋಡಲಿ.

ಕತ್ತಲ ಕೋಣೆ

ಮ್ಯೂಸಿಯಮ್ಮಿನಲ್ಲಿ ಬಟ್ಟೆಗಳ ಉಸ್ತುವಾರಿ ಹನ್ನಾ ಎಂಬ ಎತ್ತರದ ಹೆಂಗಸಿಗೆ. ನನ್ನ ಎರಡೂ ಕೈ ಹಿಡಿದು ಮಾತಾಡಿದಳು, ಕೆಟ್ಟವಳಲ್ಲ. ಆದರೆ ನಮ್ಮವ್ವನ ಕೌದಿ ಇಟ್ಟ ಕೋಣೆಯ ಬಾಗಿಲು ತೆಗೆದಾಗ ನನಗೆ ಏನೂ ಕಾಣಲಿಲ್ಲ. ಒಂದು ಮೂಲೆಯಲ್ಲಿ ಮಿಣುಕು ದೀಪ. ಗೋಡೆಗೆ ಕೌದಿ, ಮುಂದೆ ಅಡ್ಡ ಹಗ್ಗ, ಹಗ್ಗದ ಹತ್ತಿರ ಕಾವಲಿನವನು.

‘ದೀಪ ಹಚ್ಚಾಕ ಹೇಳ್ರಿ’ ಎಂದೆ ಮೇಡಂ ಅವರಿಗೆ.

ಹನ್ನಾ ಹೇಳಿದ್ದನ್ನು ಮೇಡಂ ತಿಳಿಸಿದರು. ‘ಬೆಳಕು ಬಣ್ಣ ತಿಂತದಂತ್ರೀ ಅಮ್ಮಾ. ಹಳೇ ಬಟ್ಟಿಗೆ ಇಷ್ಟೇ ಬೆಳಕು ಅಂತ ಇಲ್ಲಿ ನಿಯಮ ಅದ.’

ನಮ್ಮಲ್ಲಿ ಬೇಸಿಗೆ ಬಂದರೆ ಕೌದಿಯನ್ನು ಹೊಳೆಗೆ ಒಯ್ದು ಒಗೆದು, ಬಂಡೆಯ ಮೇಲೆ ಉರಿ ಬಿಸಿಲಿಗೆ ಹಾಸುತ್ತೇವೆ. ಬಿಸಿಲಿನ ವಾಸನೆ ಇಲ್ಲದ ಕೌದಿಯಲ್ಲಿ ನಿದ್ದೆ ಬರುವುದಿಲ್ಲ. ಇವರು ಅದನ್ನು ಸೆರೆಮನೆಗೆ ಹಾಕಿದ್ದಾರೆ. ಇನ್ನೊಂದು ಮಾತು ಕೇಳಿ ನನ್ನ ನೆತ್ತಿಗೇರಿತು. ಮೂಲೆಯೊಳಗೆ ತಿನ್ನುವ ಪದಾರ್ಥ ಐತಿ ಎಂದು ಗೊತ್ತಾಗಿ, ಹುಳ ಇದ್ದರೆ ಸಾಯಲಿ ಎಂದು, ಕೌದಿಯನ್ನು ಮಂಜುಗಡ್ಡೆಯಂಥ ಪೆಟ್ಟಿಗೆಯಲ್ಲಿ ಇಟ್ಟು ತೆಗೆದಿದ್ದರಂತೆ. ಅವ್ವನ ಕೈಯ ರೊಟ್ಟಿ ಅದು. ಹುಳದ ಮನೆ ಅಂದುಕೊಂಡರು.

ಹಗ್ಗದ ಈಚೆಯಿಂದ ನಾನು ಬಗ್ಗಿ ನೋಡಿದೆ. ಒಂದು ಕಣ್ಣಿನ ಪೊರೆ ತೆಗೆಸಿದ್ದೇನೆ, ಇನ್ನೊಂದರದು ಹಾಗೇ ಐತಿ. ಕರಿ ಬಟ್ಟೆ ಎಂಬುದಷ್ಟೇ ಕಂಡಿತು. ‘ಲೇ ಇಮ್ತಿಯಾಜ್, ತೆಗಿ’ ಎಂದೆ. ಅವನು ಕಟಕ್ ಕಟಕ್ ಎನಿಸಿ ಕ್ಯಾಮೆರಾದ ಹಿಂದಿನ ಕನ್ನಡಿಯಲ್ಲಿ ಮೂಲೆಯನ್ನು ದೊಡ್ಡದು ಮಾಡಿ ತೋರಿಸಿದ. ಕರಿ ಸೀರೆಯ ತುಂಬ ಬಿಳಿ ಚುಕ್ಕಿ, ಕೆಂಪು ಚುಕ್ಕಿ, ಹಸಿರು ಚುಕ್ಕಿ.

‘ಇದೇನ್ಲೇ, ಮ್ಯಾಲ ರವಾ ಚೆಲ್ಲಿ ತೆಗೆದೀ?’

‘ಗ್ರೇನ್ಸ್ ಆಯಿ. ಬೆಳಕು ಕಮ್ಮಿ ಅದ, ಐಎಸ್‌ಓ ಬಾಳ ಏರಿಸಬೇಕಾತು.’

‘ಏನ್ ಏರಿಸಿದಿ?’

‘ಸ್ಪೀಕರ್ ಏರಿಸಿದಂಗ ತಿಳ್ಕೋ. ಭಾಷಣ ಮಾಡಾವ ಸಣ್ಣ ದನೀಲೆ ಮಾತಾಡಿದ್ರ ಮಷೀನ್‌ದಾಗ ದನಿ ಏರಿಸ್ತೀವಲ್ಲ? ಅವನ ಮಾತೂ ಕೇಳ್ತದ, ಗರ್‌ರ್ ಅನ್ನೋದೂ ಕೇಳ್ತದ. ಇದೂ ಹಂಗೇ. ಇದ್ದ ಬೆಳಕು ಏರ್ತದ, ಸಂಗಾಟ ಹೊಲಸೂ ಏರ್ತದ. ಕರೀದರ ಮ್ಯಾಲಂತೂ ಎದ್ದು ಕಾಣ್ತದ.’

‘ಹಂಗಾದ್ರ ಇಳಸು.’

ಇಳಿಸಿದ. ಚುಕ್ಕಿ ಹೋದವು. ಆದರೆ ಹೊಲಿಗೆಗಳೆಲ್ಲ ಬೆರಳಿನಿಂದ ಒರೆಸಿದ ಸುಣ್ಣದಂತೆ ಉದ್ದಕ್ಕೆ ಎಳೆದಿದ್ದವು. ಐಎಸ್‌ಓ ಇಳಿಸಿದರೆ ಕ್ಯಾಮೆರಾ ಬಾಳ ಹೊತ್ತು ಕಣ್ಣು ತೆರೆದು ಕೂಡಬೇಕಂತೆ, ಅಷ್ಟು ಹೊತ್ತು ಇವನ ಕೈ ನಿಲ್ಲುವುದಿಲ್ಲವಂತೆ. ‘ಅದಕ್ಕಂತೇ ಸ್ಟ್ಯಾಂಡ್ ತಂದಿದ್ದೆ, ಬಾಗಿಲದಾಗೇ ಇಡಿಸ್ಕೊಂಡ್ರು’ ಎಂದ. ಫ್ಲ್ಯಾಶ್ ಹೊಡೆಯುವ ಮಾತೆತ್ತಿದ್ದಕ್ಕೇ ಕಾವಲಿನವನು ಕೈ ಅಡ್ಡ ಹಿಡಿದ.

ಅವ್ವನ ಹೊಲಿಗೆ ಅಕ್ಕಿನುಚ್ಚಿನಷ್ಟು ಸಣ್ಣದು. ಕರಿ ಬಟ್ಟೆ, ಬಿಳಿ ದಾರ. ಆ ರವೆಯಲ್ಲಿ ಯಾವುದು ಅವ್ವ ಹಾಕಿದ್ದು, ಯಾವುದು ಮಷೀನು ಹಾಕಿದ್ದು? ಅಕ್ಕನ ಮುಂದೆ ಇದನ್ನು ಹಿಡಿದರೆ ಫೋಟೋ ಹರಿದು ನನ್ನ ಮೋರೆಗೇ ಒಗೆಯುತ್ತಾಳೆ.

ಅಡುಗೆಮನೆಯ ಮೇಜು

ನಾವು ಇಳಿದುಕೊಂಡ ಮನೆಯಲ್ಲಿ ಇಮ್ತಿಯಾಜ್ ಕಂಪ್ಯೂಟರ್ ತೆಗೆದು, ‘ಚಿಂತಿ ಬಿಡು ಆಯಿ, ರವಾ ಎಲ್ಲ ಸಾಫ್ ಮಾಡ್ತೇನಿ’ ಎಂದ. ಏನೋ ಒತ್ತಿದ. ಚುಕ್ಕಿ ಕರಗಿ ಹೋದವು. ಕರಿ ಬಟ್ಟೆ ಇಸ್ತ್ರಿ ಹೊಡೆದಂತೆ ನುಣ್ಣಗೆ ಬಂತು. ನಾನು ಮೋರೆ ಹತ್ತಿರ ಒಯ್ದು ನೋಡಿದೆ. ಹೊಲಿಗೆಯೂ ಇರಲಿಲ್ಲ.

‘ಹೊಲಿಗಿ ಎಲ್ಲಿ?’

‘ಅದು... ರವಾ ಯಾವುದು, ಹೊಲಿಗಿ ಯಾವುದು ಅಂತ ಇದಕ್ಕ ತಿಳೀವಲ್ದು.’

‘ನಮ್ಮವ್ವ ಹಾಕಿದ ಹೊಲಿಗಿ ಬಿಚ್ಚಾಕ ನೀ ಯಾರ್ಲೇ?’ ಎಂದು ಮೇಜು ಗುದ್ದಿದೆ. ಚಹಾದ ಕಪ್ಪು ಉರುಳಿತು. ‘ಮದಿವ್ಯಾಗ ಹಿಂಗೇ ಮಾಡ್ತೀ ಅಲ್ಲ? ನನ್ನ ಮೊಮ್ಮಗಳ ಮಾರಿ ಮ್ಯಾಲ ಇದ್ದ ಮಚ್ಚಿ ಫೋಟೋದಾಗ ಇಲ್ಲ. ಯಾರ ಮದಿವಿ ಅದು? ಬೊಂಬಿ ಮದಿವಿ?’

ಮೇಡಂ ಕಪ್ಪು ಎತ್ತಿ, ‘ಅವರೇನ್ ಮಾಡ್ಯಾರ್ರೀ ಅಮ್ಮಾ’ ಎಂದರು. ಇಮ್ತಿಯಾಜ್ ಕಂಪ್ಯೂಟರ್ ಮುಚ್ಚಿ ಎದ್ದು ಹೋದ.

ದೋಣಿ

ಮರುದಿನ ಮ್ಯೂಸಿಯಮ್ಮಿಗೆ ರಜೆ. ದೋಣಿಯಲ್ಲಿ ಊರು ತೋರಿಸುತ್ತೇವೆ ಎಂದು ಹನ್ನಾ ಕರೆದೊಯ್ದಳು. ಸಿಟ್ಟಿನಲ್ಲೇ ಹತ್ತಿದೆ. ಸೇತುವೆಯ ಕೆಳಗೆ ದೋಣಿ ನುಗ್ಗಿದಾಗ ಕತ್ತಲಾಯಿತು. ಹಸಿವಾಗಿ ರೊಟ್ಟಿ ತೆಗೆದೆ, ಮುರಿಯುವಷ್ಟರಲ್ಲಿ ಕೋಳಿಯಷ್ಟು ದಪ್ಪದ ಬಿಳಿ ಹಕ್ಕಿಯೊಂದು ಬಂದು ಕೈಯಿಂದ ಕಸಕೊಂಡು ಹಾರಿತು. ನಾನು ಬೈದ ಬೈಗುಳ ಇಲ್ಲಿ ಬರೆಯುವುದಿಲ್ಲ. ಹೈದರಾಬಾದಿನಿಂದ ಹಿಡಿದು ಎಲ್ಲರೂ ನನ್ನ ಕೈಯಿಂದ ಕಸಕೊಳ್ಳುವವರೇ.

ಇಮ್ತಿಯಾಜ್ ಅದರ ಫೋಟೋ ಹೊಡೆದಿದ್ದ. ತೋರಿಸಿದ. ರವೆ ಇತ್ತು, ಬೇಕಾದಷ್ಟು. ಆದರೆ ಹಕ್ಕಿಯ ಕಾಲು, ರೊಟ್ಟಿಯ ಚೂರು, ತೆರೆದ ನನ್ನ ಬಾಯಿ, ಅದರಲ್ಲಿರುವ ನಾಲ್ಕು ಹಲ್ಲು, ಎಲ್ಲ ಇದ್ದವು.

‘ಐಎಸ್‌ಓ ಏರಿಸಲಿಲ್ಲಂದ್ರ ಈ ಹಕ್ಕೀನೂ ಸಿಗ್ತಿದ್ದಿಲ್ಲ, ನಿನ್ನ ಬಾಯೀನೂ ಸಿಗ್ತಿದ್ದಿಲ್ಲ’ ಎಂದ. ‘ನಿಕಾದಾಗ ಹುಡಗಿ ಕಣ್ಣಾಗ ನೀರು ಬಂದ್ರ, ತಡಿಯವ್ವಾ ದೀಪ ತರ್ತೇನಿ ಅನ್ನಾಕ ಆಗ್ತದೇನು? ಹೊಲಸಾದ್ರೂ ಆಗಲಿ, ಸಿಗಲಿ ಅಂತ ಏರಿಸ್ತೇನಿ. ಅದು ನನ್ನ ಕಸಬು ಆಯಿ.’

ಅದು ಖರೆ ಇತ್ತು. ಖರೆ ಇದ್ದದ್ದಕ್ಕೇ ಇನ್ನೂ ಸಿಟ್ಟು ಬಂತು.

‘ಹಕ್ಕಿ ಹಾರ್ತದ. ಹುಡಗಿ ಕಣ್ಣು ಒರಿಸ್ಕೋತಾಳ. ನಮ್ಮವ್ವನ ಕೌದಿ ಎಲ್ಲಿಗಿ ಓಡಿ ಹೊಂಟದ? ಗ್ವಾಡಿಗಿ ಬಡದಾರ ಅದನ್ನ. ಅದಕ್ಯಾಕ ಏರಿಸ್ಬೇಕು?’

‘ಬ್ಯಾಡವೇ ಬ್ಯಾಡ. ಸ್ಟ್ಯಾಂಡ್ ಮ್ಯಾಲ ಇಟ್ಟು, ಇಳಿಸಿ ತೆಗೆದ್ರ ಆ ಮಿಣುಕು ದೀಪದಾಗೇ ಹೊಲಿಗಿ ಹೊಲಿಗಿ ಎಣಿಸಬಹುದು. ಆದ್ರ ಸ್ಟ್ಯಾಂಡ್ ಒಳಗ ಬಿಡಂಗಿಲ್ಲಲ್ಲ?’

‘ಹೆಂಗ ಬಿಡಂಗಿಲ್ಲ ನೋಡ್ತೇನಿ’ ಎಂದೆ.

ಕೈ ಕಟ್ಟಿ ಕೂತದ್ದು

ಜನರ ಮುಂದೆ ಹೊಲಿದು ತೋರಿಸುವ ದಿನ ಬಂತು. ದೊಡ್ಡ ಹಾಲು, ನಡುವೆ ಚಾಪೆ. ಸುತ್ತ ಕುರ್ಚಿಯಲ್ಲಿ ಜನ, ಮಕ್ಕಳು, ಆ ಸೈಕಲ್ ಮುದುಕಿಯರು. ನಾನು ಚಾಪೆಯ ಮೇಲೆ ಕಾಲು ಚಾಚಿ ಕೂತೆ, ಬಟ್ಟೆ ಹರವಿದೆ, ಎರಡೂ ಕೈ ಕಟ್ಟಿಕೊಂಡೆ. ಸೂಜಿ ಮುಟ್ಟಲಿಲ್ಲ. ಜನ ಕಾದರು. ಇದೂ ಆಟದಲ್ಲೇ ಐತೇನೋ ಎಂದುಕೊಂಡು ಒಂದಿಬ್ಬರು ಚಪ್ಪಾಳೆ ತಟ್ಟಿದರು.

ಹನ್ನಾ ಬಂದು ಮಂಡಿಯೂರಿದಳು. ಮೇಡಂ ಅವರ ಮೋರೆ ಬಿಳಿಚಿತ್ತು. ‘ಅಮ್ಮಾ, ನನ್ನ ಮರ್ಯಾದಿ ಕಳೀಬ್ಯಾಡ್ರೀ.’

‘ನಿಮ್ದು ಕಳಿಯಾಕತ್ತಿಲ್ರೀ. ಆಕಿಗಿ ಹೇಳ್ರಿ, ಇಮ್ತಿಯಾಜನ ಸ್ಟ್ಯಾಂಡ್ ಒಳಗ ಬಿಟ್ರ ಸೂಜಿ ಹಿಡೀತೇನಿ.’

ಹನ್ನಾ ಸಿಟ್ಟಾಗಲಿಲ್ಲ. ಸ್ಟ್ಯಾಂಡ್ ಉರುಳಿ ಕೌದಿಯ ಮೇಲೆ ಬಿದ್ದರೆ ಹೇಗೆ, ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ, ನಿಮ್ಮ ತಾಯಿಯ ಕೌದಿ ಇನ್ನೂ ನೂರು ವರ್ಷ ಇರಲಿ ಎಂದೇ ಈ ನಿಯಮ ಮಾಡಿದ್ದೇವೆ ಎಂದಳಂತೆ.

‘ನೂರು ವರ್ಷ ಯಾರಿಗಿ ಇಡಾಕತ್ತೀ ಕೇಳ್ರಿ. ಅದನ್ನ ನೋಡ್ಬೇಕಾದಾಕಿ ನಮ್ಮಕ್ಕ. ಆಕಿಗಿ ಈ ದೀವಳಿಗಿ ಸಿಕ್ಕರ ದೊಡ್ಡದು.’

ಮೇಡಂ ಅದನ್ನು ಆಕೆಗೆ ಹೇಳಿದರು. ಹನ್ನಾ ಎದ್ದು ಹೋಗಿ ಕಾವಲಿನವನ ಸಂಗಡ ಮಾತಾಡಿ ಬಂದಳು. ಆಮೇಲೆ ನಾಳೆ ಬಾಗಿಲು ತೆರೆಯುವ ಮೊದಲು ಬರ್ರಿ, ಸ್ಟ್ಯಾಂಡ್ ತರ್ರಿ, ಆದರೆ ಬೆಳಕು ಒಂದು ಹನಿಯೂ ಹೆಚ್ಚಿಸುವುದಿಲ್ಲ ಎಂದಳು. ನಾನು ಸೂಜಿಗೆ ದಾರ ಪೋಣಿಸಿದೆ.

ಹಲಗೆಯ ನೆಲ

ಮರುದಿನ ಬೆಳಗ್ಗೆ ಕೋಣೆಯಲ್ಲಿ ನಾವು ಮೂವರು, ಹನ್ನಾ, ಕಾವಲಿನವನು. ಇಮ್ತಿಯಾಜ್ ಸ್ಟ್ಯಾಂಡಿನ ಮೂರು ಕಾಲು ಊರಿ, ಐಎಸ್‌ಓ ತಳಕ್ಕೆ ಇಳಿಸಿ, ‘ಈ ನೆಲ ಕಟಗೀದು. ಒಬ್ರು ಕಾಲು ಎತ್ತಿಟ್ರೂ ಅಲುಗ್ತದ. ಎಲ್ಲಾರೂ ನಿಂತಲ್ಲೇ ನಿಂದರ್ರಿ’ ಎಂದ. ಕ್ಯಾಮೆರಾ ಕಣ್ಣು ತೆರೆಯಿತು. ಯಾರೂ ಅಲುಗಲಿಲ್ಲ. ನಾನೇ, ‘ಆತೇನ್ಲೇ?’ ಎಂದು ಒಂದು ಹೆಜ್ಜೆ ಮುಂದಿಟ್ಟೆ.

‘ಆಯೀ!’ ಎಂದು ಅವನು ತಲೆ ಹಿಡಕೊಂಡ. ‘ಇಷ್ಟೆಲ್ಲಾ ಜಗಳಾಡಿ ನೀನೇ ಕೆಡಿಸಿದಿ ನೋಡು.’

ಎರಡನೇ ಸಲ ಸೆರಗು ಬಾಯಿಗೆ ತುರುಕಿಕೊಂಡು ನಿಂತೆ. ಕಾವಲಿನವನು ಕೂಡ ಉಸಿರು ಹಿಡಿದಿದ್ದ, ಪಾಪ. ಕಟಕ್ ಎಂದಿತು.

ಈ ಸಲ ಕರಿ ಸೀರೆ ಕರಿ ಸೀರೆಯೇ ಆಗಿತ್ತು. ಒಂದು ಕಾಳು ರವೆ ಇಲ್ಲ. ಬಿಳಿ ದಾರದ ಹುರಿ ಬಿಚ್ಚಿದ್ದೂ ಕಾಣುತ್ತಿತ್ತು. ತುತ್ತಿನ ಮೇಲಿನ ಹೊಲಿಗೆಗಳು ಒಂದೊಂದಾಗಿ ಕಾಣುತ್ತಿದ್ದವು. ಎಲ್ಲ ಎಡಕ್ಕೆ ವಾಲಿದ್ದವು.

ಅಕ್ಕ ಹೇಳಿದ್ದೇ ಖರೆ ಆಯಿತು! ಇಷ್ಟು ದೂರ ಬಂದು, ಇಷ್ಟು ಜನರ ಸಂಗಡ ಹೊಡೆದಾಡಿ, ನಾನು ಸೋತ ಪುರಾವೆಯನ್ನು ನಾನೇ ತೆಗೆಸಿಕೊಂಡೆ. ಆ ರವೆ ಚೆಲ್ಲಿದ ಫೋಟೋವನ್ನೇ ಒಯ್ದು ‘ಏನೂ ಕಾಣವಲ್ದು ನೋಡು’ ಎಂದುಬಿಡಲೇನು ಎಂಬ ಯೋಚನೆ ವಿಮಾನದಲ್ಲಿ ಎಷ್ಟೋ ಸಲ ಬಂತು. ಜಗಳ ಆದರೂ ಉಳಿಯುತ್ತಿತ್ತು. ಆದರೆ ಜಗಳ ಹೊದ್ದು ಮಲಗಲು ಬರುವುದಿಲ್ಲವಲ್ಲ.

ಅಫಜಲಪುರ

ಇಮ್ತಿಯಾಜ್ ಕಲಬುರಗಿಯಲ್ಲಿ ಫೋಟೋವನ್ನು ಹಂಚಿನಷ್ಟು ದೊಡ್ಡದಾಗಿ ಮಾಡಿಸಿಕೊಟ್ಟ. ಆಳಂದದಿಂದ ಬಸ್ಸು ಹಿಡಿದು ಸಂಜೆ ಅಫಜಲಪುರ ಮುಟ್ಟಿದೆ. ಅಕ್ಕ ಇನ್ನಷ್ಟು ಇಳಿದಿದ್ದಳು. ಬಾಯಿ ಇಳಿದಿರಲಿಲ್ಲ.

‘ಬಂದೇನ್ ಫಾರಿನ್ ಬಾಯಿ? ನಂಗೇನ್ ತಂದಿ?’

ಮಗ ಆಕೆಯನ್ನು ಎತ್ತಿ ಬಾಗಿಲ ಬೆಳಕಿಗೆ ಕೂಡಿಸಿದ. ಫೋಟೋವನ್ನು ತೊಡೆಯ ಮೇಲೆ ಇಟ್ಟು, ‘ಎಡಕ್ಕ ಅದ. ನೀನೇ ಗೆದ್ದಿ. ಸಮಾಧಾನ ಆತಿಲ್ಲೊ?’ ಎಂದೆ.

ಆಕೆ ಕನ್ನಡಕ ಹಣೆಗೆ ಏರಿಸಿ, ಫೋಟೋವನ್ನು ಮೂಗಿಗೆ ಹಚ್ಚಿ ನೋಡಿದಳು. ಬಾಳ ಹೊತ್ತು ನೋಡಿದಳು.

‘ಇದು ಅವ್ವನ ಹೊಲಿಗಿ ಅಲ್ಲ.’

‘ಹುಚ್ಚಿ ಗತೆ ಮಾತಾಡಬ್ಯಾಡ. ಕಣ್ಣಾರೆ ನೋಡಿ ತೆಗಿಸೇನಿ.’

‘ಅವ್ವನ ಕೌದೀನೇ. ಬಾಜೂಕಿನ ಹೊಲಿಗಿ ಅವ್ವಂದು, ಒಂದೇ ಸಮ ಅದ. ಈ ತುತ್ತಿಂದು ನೋಡು. ಒಂದು ಜ್ವಾಳದಷ್ಟು, ಒಂದು ಕಡ್ಲಿಯಷ್ಟು. ಅವ್ವ ಹಿಂಗ ಹಾಕಿದ್ರ ಆಕಿ ಅತ್ತಿ ಬಿಡ್ತಿದ್ಳೇನು?’

ಆಮೇಲೆ ಸೆರಗಿನೊಳಗಿಂದ ಕೈ ತೆಗೆದಳು. ಎಡಗೈ. ನಡುಗುವ ಎರಡು ಬೆರಳಲ್ಲಿ ಇಲ್ಲದ ಸೂಜಿ ಹಿಡಿದು ಗಾಳಿಯಲ್ಲಿ ಚುಚ್ಚಿದಳು. ಎಡಕ್ಕೆ ವಾಲಿತು. ಊಟ ಬಲಗೈಯಲ್ಲಿ ಮಾಡುವುದನ್ನು ಹೊಡೆದು ಕಲಿಸಿದ್ದರು, ಸೂಜಿ ಮಾತ್ರ ಆಕೆಗೆ ಎಡಗೈಯಲ್ಲೇ ಉಳಿದಿತ್ತು. ಅದು ಮನೆಮಂದಿಗೆಲ್ಲ ಗೊತ್ತು. ನನಗೂ ಗೊತ್ತು.

‘ನಂದು ಬೇ ಇದು. ಪರಕಾರ ಉಡೋ ಹುಡಗಿ ನಾ. ಅವ್ವ ಎಲ್ಲಾ ಹೊಲಿದು, ಕಡೀಕ ಸೂಜಿ ನನ್ನ ಕೈಯಾಗ ಕೊಟ್ಳು. ತುತ್ತು ನೀ ಮುಚ್ಚು ಚಂದೀ ಅಂದ್ಳು. ಮರ್ತೇ ಬಿಟ್ಟಿದ್ದೆ ನೋಡು.’

‘ನಿನ್ನ ಹೊಲಿಗಿ ಫೋಟೋ ತರಾಕ ನಾ ಹಾಲೆಂಡಿಗಿ ಹೋಗಿದ್ನೇನು?’ ಎಂದು ಕೂಗಿದೆ. ಬಾಜೂ ಮನೆಯವರು ಇಣುಕಿದರು. ಅಕ್ಕ ನಗಲು ಹತ್ತಿದಳು, ನಗು ಕೆಮ್ಮಾಯಿತು, ಮಗ ಬೆನ್ನು ತಿಕ್ಕಿದ. ಕೆಮ್ಮು ನಿಂತ ಮೇಲೆ ದಿಂಬಿನ ಕೆಳಗಿಂದ ಕೌದಿ ಎಳೆದು ನನ್ನ ಕಡೆ ನೂಕಿದಳು.

‘ಹಿಡಿ. ನೀ ಮುಚ್ಚು.’

‘ಎಡಕ್ಕೋ, ನೆಟ್ಟಗೋ?’

‘ನಿನ್ನ ಕೈ ಹೆಂಗದ ಹಂಗ.’

‘ಈಗ ಆಗಂಗಿಲ್ಲ. ಹೊತ್ತು ಮುಳುಗ್ಯಾದ. ಮಿಣುಕು ದೀಪ ನೋಡಿ ನೋಡಿ ಸಾಕಾಗ್ಯದ ನಂಗ. ಬಿಸಿಲು ಬರಲಿ.’

ಮರುದಿನ ಬೆಳಗ್ಗೆ ಅಂಗಳದಲ್ಲಿ ಬಿಸಿಲು ಬಿದ್ದ ಕೂಡಲೇ ಕೌದಿ ಹಾಸಿದೆ. ಆಕೆಯ ಮಂಚವನ್ನು ಹೊರಗೆ ತರಿಸಿದೆ. ನನ್ನ ಗಂಟಿನಲ್ಲಿ ಹಾಲೆಂಡಿಗೆ ಹೋಗಿ ಬಂದ ರೊಟ್ಟಿಯ ಒಂದು ಚೂರು ಉಳಿದಿತ್ತು. ಅದನ್ನು, ಒಂದು ಹರಳು ಬೆಲ್ಲವನ್ನು ಮೂಲೆಯಲ್ಲಿ ಇಟ್ಟು, ಕರಿ ತುಂಡು ಹಚ್ಚಿ, ಬಿಳಿ ದಾರದಲ್ಲಿ ನೆಟ್ಟಗೆ ಹೊಲಿದೆ. ಅಕ್ಕ ಮಂಚದಿಂದಲೇ, ‘ಸೊಟ್ಟ ಹೊಂಟದ ಬೇ’ ಎಂದಳು. ‘ಬಾಯಿ ಮುಚ್ಕೊಂಡು ಬಿದ್ಕೋ’ ಎಂದು ಗಂಟು ಹಾಕಿದೆ. ಕತ್ತರಿ ಹೈದರಾಬಾದಿನವರ ಹತ್ತಿರ ಇತ್ತು. ದಾರವನ್ನು ಹಲ್ಲಿನಿಂದ ಕಡಿದು, ಕೌದಿ ಝಾಡಿಸಿ, ಆಕೆಯ ಮೇಲೆ ಹೊದಿಸಿದೆ.